‘ಯಾರೂ ಮಾಡಿಲ್ಲ’ ಎಂಬ ವಾಕ್ಯ

ಸಮೂಹ ಸಂವಹನ ವಿಷಯದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುವಾಗ ಹತ್ತು ಪುಟದ ಸಿನಾಪ್ಸಿಸ್ ಬರೆದಿದ್ದೆ. ಅದರ ಒಂದು ವಾಕ್ಯ ಮಾತ್ರ ಈಗಲೂ ನನ್ನನ್ನು ಕಾಡುತ್ತದೆ: “ಈ ವಿಷಯದ ಮೇಲೆ ಇದುವರೆಗೆ ಯಾವುದೇ ಅಧ್ಯಯನ ನಡೆದಿಲ್ಲ.” 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಹೇಗೆ ಕೇಳುತ್ತ ಬಂದರು ಎಂಬುದು ನನ್ನ ವಿಷಯ. ಆ ವಾಕ್ಯವನ್ನು ನಾನು ಸೀನಿಯರ್ ಒಬ್ಬರ ಸಿನಾಪ್ಸಿಸ್ ನೋಡಿ ಕಲಿತೆ. ಅವರು ತಮ್ಮ ಸೀನಿಯರ್ ಒಬ್ಬರದ್ದನ್ನು ನೋಡಿ ಕಲಿತಿದ್ದರು. ಹಿಂದೆ ಯಾರೂ ಮಾಡಿಲ್ಲ ಎನ್ನುವುದನ್ನೇ ಒಬ್ಬರನ್ನು ನೋಡಿ ಒಬ್ಬರು ಬರೆಯುತ್ತ ಬಂದಿದ್ದೇವೆ.

ಬರೆಯುವುದಕ್ಕೆ ಕಾರಣ ಇಲ್ಲದಿಲ್ಲ. ಯುಜಿಸಿ ನಿಯಮದಂತೆ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ ಆರು ಜನರಿಗೆ, ಅಸಿಸ್ಟಂಟ್ ಪ್ರೊಫೆಸರ್ ನಾಲ್ವರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಹೀಗಾಗಿ ಖಾಲಿ ಜಾಗಗಳು ಬೆರಳೆಣಿಕೆಯಷ್ಟು. ಫೆಲೋಶಿಪ್ ಸಿಗದೆ, ಬರೀ ನೆಟ್ ಅಂಕಗಳ ಮೇಲೆ ಬರುವವರಿಗೆ ನೂರರಲ್ಲಿ 30 ಅಂಕ ಸಂದರ್ಶನದ್ದೇ. ಅಲ್ಲಿ ಕೇಳುವ ಮೊದಲ ಪ್ರಶ್ನೆ, “ಇದರಲ್ಲಿ ಹೊಸದೇನಿದೆ?” ಮನೆಯವರು ‘ಇನ್ನೂ ಎಷ್ಟು ವರ್ಷ ಓದೂದು’ ಎಂದು ಕೇಳುತ್ತಿರುವ ವಯಸ್ಸಿನಲ್ಲಿ “ಹುಡುಕುತ್ತಿದ್ದೇನೆ ಸರ್” ಎಂದು ಉತ್ತರಿಸುವ ಧೈರ್ಯ ಬರುವುದಿಲ್ಲ. “ಯಾರೂ ಮಾಡಿಲ್ಲ ಸರ್” ಎಂದೆ. ಆಯ್ಕೆಯಾದೆ.

ಕೋರ್ಸ್ ವರ್ಕ್ ಮುಗಿಸಿ, ಪ್ರಶ್ನಾವಳಿ ಸರಿಯಿದೆಯೇ ಎಂದು ನೋಡಲು ಸವದತ್ತಿ ರಸ್ತೆಯ ಒಂದು ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಕೂತು ಕಡಲೆ ಸುಲಿಯುತ್ತಿದ್ದ ಅಜ್ಜಿ ನನ್ನ ಮೂರನೆಯ ಪ್ರಶ್ನೆಗೇ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ಇದನ್ನ ಹಿಂದ ಒಬ್ಬಾಕಿ ಬಂದು ಕೇಳಿ ಬರಕೊಂಡು ಹೋಗ್ಯಾಳವಾ. ಎಲ್ಲಾ ಹೇಳೀನಿ ಆಕಿಗೆ. ಆಕಿ ನಿಮಗ ಹೇಳಿಲ್ಲೇನು?”

ಅಜ್ಜಿಯ ಪಾಲಿಗೆ ಓದಿದವರೆಲ್ಲ ಒಂದೇ ಮನೆಯವರು. ಒಬ್ಬಳಿಗೆ ಹೇಳಿದ್ದು ಇನ್ನೊಬ್ಬಳಿಗೆ ಮುಟ್ಟಿರಲೇಬೇಕು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ‘ಒಬ್ಬಾಕಿ’ಯನ್ನು ಹುಡುಕಲು ಒಂದು ತಿಂಗಳು ಹಿಡಿಯಿತು. ಕೊನೆಗೆ ಒಂದು ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಸಿಕ್ಕಿದ್ದು, ಬೈಂಡಿಂಗ್ ಬಿಚ್ಚಿದ ಒಂದು ಎಂ.ಫಿಲ್ ಪ್ರಬಂಧ. ಕನ್ನಡದಲ್ಲಿ ಟೈಪ್ ಮಾಡಿದ್ದು. ವಿಷಯ ಹೆಚ್ಚುಕಡಿಮೆ ನನ್ನದೇ. ಕೊನೆಯಲ್ಲಿ ಮಾತಾಡಿದ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿ, ಒಬ್ಬೊಬ್ಬರ ಮಾತೂ ಅವರದೇ ನುಡಿಯಲ್ಲಿ. ಅದರಲ್ಲಿ ಬಹಳ ಜನ ಈಗ ಇಲ್ಲ. ಅವರ ಮಾತು ಉಳಿದಿರುವುದು ಆ ಹಾಳೆಗಳಲ್ಲಿ ಮಾತ್ರ.

ಅದು ನನಗೆ ಮೊದಲೇ ಯಾಕೆ ಸಿಗಲಿಲ್ಲ? ನಾನು ಹುಡುಕಿದ್ದು ಇಂಗ್ಲಿಷಿನಲ್ಲಿ. ನಮ್ಮ ವಿಷಯದ ನೆಟ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಓದುವ ಸಿದ್ಧಾಂತಗಳು ಇಂಗ್ಲಿಷಿನವು, ಹುಡುಕಾಟವೂ ಅದೇ ಭಾಷೆಯಲ್ಲಿ. ಎಂ.ಫಿಲ್ ಪದವಿಯನ್ನಂತೂ 2022ರ ನಿಯಮಾವಳಿಯೇ ನಿಲ್ಲಿಸಿತು. ಆ ಪ್ರಬಂಧಗಳನ್ನು ಕೇಳಿಕೊಂಡು ಬರುವವರೂ ಕಡಿಮೆಯಾದರು. ಆದರೆ ಇದೆಲ್ಲ ವ್ಯವಸ್ಥೆಯ ಮಾತು. ನಾನು ಬರೆಯಬೇಕಾಗಿದ್ದು “ನನಗೆ ಸಿಕ್ಕಿಲ್ಲ” ಎಂದು. ಬರೆದದ್ದು “ಇಲ್ಲ” ಎಂದು. ಮೊದಲನೆಯದು ನನ್ನ ಹುಡುಕಾಟದ ಮಿತಿಯನ್ನು ಹೇಳುತ್ತಿತ್ತು. ಎರಡನೆಯದು ಇನ್ನೊಬ್ಬಳ ದುಡಿಮೆಯನ್ನು ಅಳಿಸಿತು.

ಇದನ್ನು ಹಿಡಿಯುವ ಯಂತ್ರವಿಲ್ಲ. ಕೃತಿಚೌರ್ಯ ತಡೆಯಲು 2018ರಲ್ಲಿ ಬಂದ ಯುಜಿಸಿ ನಿಯಮ ಶೇ. 10ರವರೆಗಿನ ಹೋಲಿಕೆಗೆ ದಂಡ ಹಾಕುವುದಿಲ್ಲ, ಅದು ದಾಟಿದರೆ ಹಂತಹಂತವಾಗಿ ಶಿಕ್ಷೆ. ಸಾಫ್ಟ್‌ವೇರ್ ನೋಡುವುದು ವಾಕ್ಯಗಳ ಹೋಲಿಕೆಯನ್ನು. ಕಪಾಟಿನಲ್ಲಿರುವ ಕನ್ನಡ ಪ್ರಬಂಧವನ್ನು ‘ಇಲ್ಲ’ ಎಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಬ್ಬರ ವಾಕ್ಯ ಕದ್ದರೆ ಕಳ್ಳತನ ಎನ್ನುತ್ತೇವೆ. ಇನ್ನೊಬ್ಬರು ಬರೆದೇ ಇಲ್ಲ ಎಂದರೆ ಅದನ್ನು ‘ರಿಸರ್ಚ್ ಗ್ಯಾಪ್’ ಎಂದು ಕರೆದು ಪ್ರವೇಶ ಕೊಡುತ್ತೇವೆ.

ಗೆಳತಿಯೊಬ್ಬಳು ಇದಕ್ಕೆ ತಕರಾರು ತೆಗೆದಳು. “ಪಂಪನೂ ಹಾಂಗ ಅಂದಾನಲ್ಲಲೇ?” ನಿಜ. ಹಿಂದೆ ಸಮಸ್ತ ಭಾರತವನ್ನು ಕತೆಯ ಮೈ ಕೆಡದಂತೆ ಅಪೂರ್ವವಾಗಿ ಹೇಳಿದ ಕವಿಗಳಿಲ್ಲ ಎಂದು ಅವನು ಹೇಳಿಕೊಂಡಿದ್ದಾನೆ. ಆದರೆ ಅವನ ಮಾತಿನ ಅಳತೆ ನೋಡಬೇಕು. ಭಾರತವನ್ನು ಯಾರೂ ಮುಟ್ಟಿಲ್ಲ ಎಂದು ಅವನು ಹೇಳುತ್ತಿಲ್ಲ. ಇಡಿಯಾಗಿ, ಹೀಗೆ, ಹೇಳಿದವರಿಲ್ಲ ಎನ್ನುತ್ತಿದ್ದಾನೆ. ಹಾಗೆ ಹೇಳಬೇಕಾದರೆ ಹಿಂದಿನದನ್ನು ಓದಿರಬೇಕು. ಹುಬ್ಬಳ್ಳಿ ಪಕ್ಕದ ಕೋಳಿವಾಡದ ಕುಮಾರವ್ಯಾಸನದು ಇನ್ನೊಂದು ದಾರಿ. ರಾಮಾಯಣ ಬರೆದವರು ಎಷ್ಟು ಜನವೆಂದರೆ ಅವರ ಭಾರಕ್ಕೆ ಆದಿಶೇಷನೇ ಬಳಲಿದ, ಕಾಲಿಡಲೂ ಜಾಗವಿಲ್ಲ ಎಂದು ನಕ್ಕು ಅವನು ಭಾರತಕ್ಕೆ ಕೈ ಹಾಕಿದ. ಇಬ್ಬರೂ ತಮಗಿಂತ ಮುಂಚೆ ಜನ ಇದ್ದರು ಎಂಬಲ್ಲಿಂದಲೇ ಶುರುಮಾಡುತ್ತಾರೆ.

ಇದು ಬರೀ ಸೌಜನ್ಯದ ಮಾತಲ್ಲ. ಸುಮಾರು 850ರ ಹೊತ್ತಿನ ಕವಿರಾಜಮಾರ್ಗ ತನಗಿಂತ ಹಿಂದಿನವರ ಹೆಸರು ಹೇಳುತ್ತದೆ: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಅವರ ಕನ್ನಡ ಕೃತಿಗಳು ನಮಗೆ ಸಿಕ್ಕಿಲ್ಲ. ಹಾಗೆ ಬರೆದವರಿದ್ದರು ಎಂದು ಇವತ್ತು ಗೊತ್ತಿರುವುದು ಅಲ್ಲಿ ಆ ಹೆಸರುಗಳು ಬಂದಿರುವುದರಿಂದ. “ಕನ್ನಡದಲ್ಲಿ ಇದುವರೆಗೆ ಯಾರೂ ಬರೆದಿಲ್ಲ” ಎಂದು ಅಲ್ಲಿ ಬರೆದಿದ್ದರೆ ನಾವು ನಂಬುತ್ತಿದ್ದೆವು. ಗ್ರಂಥವೂ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತೋ ಏನೋ.

ಪ್ರಬಂಧ ಸಿಕ್ಕಿದ್ದನ್ನು ಗೈಡ್‌ಗೆ ಹೇಳುವ ಮುನ್ನ ನಾಲ್ಕು ದಿನ ಸುಮ್ಮನಿದ್ದೆ. ಹೇಳದಿದ್ದರೂ ನಡೆಯುತ್ತಿತ್ತು ಎಂಬುದೇ ಆ ದಿನಗಳ ಸಂಕಟ. ಹೇಳಿದಾಗ ಅವರು ಬೈಯಲಿಲ್ಲ. “ಆಕಿ ಏನು ಕೇಳದ ಬಿಟ್ಟಾಳ ನೋಡು” ಎಂದರು. ಮತ್ತೆ ಓದಿದೆ. ಏನು ಕೇಳಿಸಿಕೊಂಡಿರಿ ಎಂದು ಆಕೆ ಎಲ್ಲರನ್ನೂ ಕೇಳಿದ್ದರು. ಉತ್ತರಗಳ ನಡುವೆ ಒಬ್ಬಾಕೆ, ಗಂಡ ಹೊಲದಿಂದ ಬಂದ ಕೂಡಲೇ ರೇಡಿಯೊ ಬಂದ್ ಆಗುತ್ತಿತ್ತು ಎಂದಿದ್ದಳು. ಆ ಮಾತನ್ನು ಆಕೆ ಬರೆದುಕೊಂಡಿದ್ದರು, ಬೆನ್ನು ಹತ್ತಿರಲಿಲ್ಲ. ರೇಡಿಯೊದ ಗುಂಡಿ ಯಾರ ಕೈಯಲ್ಲಿತ್ತು ಎಂಬುದು ಈಗ ನನ್ನ ಪ್ರಶ್ನೆ.

ನಿಜ ಹೇಳಿದ್ದರಿಂದ ಒಳ್ಳೆಯ ಪ್ರಶ್ನೆ ಸಿಕ್ಕಿತು ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆಕೆ ಏನನ್ನೂ ಬಿಡದೆ ಕೇಳಿದ್ದರೆ? ಆಗ ನಾನು ವಿಷಯವನ್ನೇ ಬಿಡಬೇಕಾಗುತ್ತಿತ್ತು, ಒಂದು ವರ್ಷ ನೀರಿಗೆ ಬೀಳುತ್ತಿತ್ತು. ಆಗಲೂ ಹೇಳುತ್ತಿದ್ದೆನೇ? ಆ ನಾಲ್ಕು ದಿನಗಳನ್ನು ನೆನೆದರೆ ಖಂಡಿತ ಹೇಳುತ್ತಿದ್ದೆ ಎನ್ನಲು ಬಾಯಿ ಬರುವುದಿಲ್ಲ. ಪ್ರಾಮಾಣಿಕತೆ ನನಗೆ ಈ ಸಲ ಅಗ್ಗವಾಗಿ ಸಿಕ್ಕಿತು, ಅಷ್ಟೇ.

ಈ ವರ್ಷ ಅರ್ಜಿ ಬರೆಯುತ್ತಿರುವ ಗೆಳೆಯರಿಗೆ ಒಂದೇ ಮಾತು. ಆ ವಾಕ್ಯ ಬರೆಯುವ ಮುನ್ನ ಒಂದು ದಿನ ಕಪಾಟುಗಳ ಮುಂದೆ ಕೂತು ಬನ್ನಿ. ನೀವು ಮಾತಾಡಿಸಬೇಕೆಂದಿರುವ ಜನರನ್ನು “ಇದನ್ನು ಹಿಂದೆ ಯಾರಾದರೂ ಕೇಳಿದ್ದರೇ?” ಎಂದು ಮೊದಲು ಕೇಳಿ. ನನ್ನ ಸಿನಾಪ್ಸಿಸ್‌ನಲ್ಲಿ ಈಗ ಆ ವಾಕ್ಯದ ಜಾಗದಲ್ಲಿ ಆಕೆಯ ಹೆಸರಿದೆ, ಪ್ರಬಂಧದ ಹೆಸರಿದೆ, ಇಸವಿಯಿದೆ. ಮುಂದಿನ ತಿಂಗಳು ಆ ಅಜ್ಜಿಯ ಹಳ್ಳಿಗೆ ಮತ್ತೆ ಹೋಗುವುದಿದೆ. “ಆಕಿ ಹೇಳ್ಯಾಳವಾ” ಎಂದು ಅವಳಿಗೆ ತಿಳಿಸಬೇಕು.