ಮಾಡದಿರುವುದರ ಹೊಣೆ

2021ನೆಯ ಇಸವಿಯ ಜೂನ್ ಮಾಸದ ಕೊನೆಯ ವಾರ. ಕೋವಿಡ್ಡಿನ ಎರಡನೆಯ ಅಲೆಯ ಉಬ್ಬರವು ಇಳಿಮುಖವಾಗಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಯ ದಾರಿಯ ಆಂಬುಲೆನ್ಸುಗಳ ಕೂಗು ವಿರಳವಾಗುತ್ತಿದ್ದ ಆ ದಿನಗಳಲ್ಲಿ, ಅದೇ ಬಡಾವಣೆಯ ತನ್ನ ತವರುಮನೆಗೆ ಬಾಣಂತನಕ್ಕೆ ಬಂದಿದ್ದ ಮಗಳೊಬ್ಬಳು, ಇನ್ನೂ ತಿಂಗಳು ತುಂಬದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ತತ್ತ್ವಶಾಸ್ತ್ರವನ್ನು ಬಹುಕಾಲ ಬೋಧಿಸಿ ನಿವೃತ್ತರಾಗಿದ್ದ ತನ್ನ ಕಾಕಾನೊಡನೆ ನಡೆಸಿದ ಸಂವಾದವಿದು. ಅದೇ ತಿಂಗಳ 21ರಿಂದ ಹದಿನೆಂಟು ವರ್ಷ ತುಂಬಿದವರೆಲ್ಲರಿಗೂ ಕೇಂದ್ರ ಸರ್ಕಾರವು ಕೋವಿಡ್ ಲಸಿಕೆಯನ್ನು ಉಚಿತವಾಗಿ ಒದಗಿಸತೊಡಗಿತ್ತು. ಹಾಲೂಡುವ ತಾಯಿ ಅದನ್ನು ಹಾಕಿಸಿಕೊಳ್ಳಬೇಕೆ, ಬಿಡಬೇಕೆ ಎಂಬುದು ಪ್ರಶ್ನೆ. ಕಾಕಾನ ಪಕ್ಷವೇ ಈ ಲೇಖಕನ ಪಕ್ಷವೂ ಆಗಿದೆಯೆಂಬುದನ್ನು ಮೊದಲೇ ತಿಳಿಸುವುದು ವಾಚಕರಿಗೆ ಸಲ್ಲಬೇಕಾದ ನ್ಯಾಯ.

ಮಗಳು: ಕಾಕಾ, ಜನವರಿಯಲ್ಲಿ ಲಸಿಕೆ ಬಂದಾಗ, ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಬೇಡವೆಂದು ಸರ್ಕಾರವೇ ಹೇಳಿತು. ಮೇ 19ರಂದು ಅದೇ ಸರ್ಕಾರ, ಹಾಲೂಡುವವರೆಲ್ಲರೂ ಹಾಕಿಸಿಕೊಳ್ಳುವುದು ಯುಕ್ತವೆಂದಿತು. ಈ ನಾಲ್ಕು ತಿಂಗಳಲ್ಲಿ ನನ್ನಂಥವರನ್ನು ಕರೆದು ಪರೀಕ್ಷಿಸಿದರೆಂದು ನಾನು ಎಲ್ಲಿಯೂ ಕೇಳಲಿಲ್ಲ. ತಿಳಿವು ಬೆಳೆಯದೆ ಮಾತು ಮಾತ್ರ ಬದಲಾದರೆ ಯಾವ ಮಾತನ್ನು ನಂಬಲಿ?

ಕಾಕಾ: ಬೇಡವೆಂದವರು ಕೊಟ್ಟ ಕಾರಣ ನೆನಪಿದೆಯೆ?

ಮಗಳು: ಪ್ರಯೋಗದಲ್ಲಿ ಅಂಥ ಸ್ತ್ರೀಯರು ಇರಲಿಲ್ಲವೆಂದು.

ಕಾಕಾ: ನೋಡು, ಕೆಡುಕನ್ನು ಕಂಡು ಬೇಡವೆಂದವನ ಮಾತು ಒಂದು ಬಗೆಯದು, ನೋಡಿಯೇ ಇಲ್ಲದೆ ಬೇಡವೆಂದವನ ಮಾತು ಬೇರೊಂದು ಬಗೆಯದು. ಇಂಗ್ಲೆಂಡಿನಲ್ಲಿಯೂ 2020ರ ಡಿಸೆಂಬರಿನಲ್ಲಿ ಮೊದಲು ಹೀಗೆಯೇ ತಡೆದು, ಅದೇ ತಿಂಗಳ ಕೊನೆಗೆ ಆ ತಡೆಯನ್ನು ತೆಗೆದರು. ಅಲ್ಲಿಯೂ ಇಲ್ಲಿಯೂ ಬದಲಾದದ್ದು ಅಜ್ಞಾನವನ್ನು ತೂಗುವ ರೀತಿ. ಕಾಣದ ವಸ್ತುವಿನ ವಿಷಯದಲ್ಲಿ ನಾವು ಸಂಪೂರ್ಣ ಕುರುಡರಲ್ಲ ತಂಗೀ. ಪ್ರತ್ಯಕ್ಷವಿಲ್ಲದ ಎಡೆಯಲ್ಲಿ ಅನುಮಾನವೆಂಬ ಪ್ರಮಾಣವುಂಟು, ಅದೂ ಇಲ್ಲದ ಎಡೆಯಲ್ಲಿ ಆಪ್ತರ ವಾಕ್ಯವುಂಟು. ಕೋವ್ಯಾಕ್ಸಿನ್ನಿನಲ್ಲಿರುವುದು ನಿಷ್ಕ್ರಿಯಗೊಳಿಸಿದ, ಅಂದರೆ ಸತ್ತ, ವೈರಾಣು. ಕೋವಿಶೀಲ್ಡಿನಲ್ಲಿರುವುದು ಚಿಂಪಾಂಜಿಗಳಲ್ಲಿ ನೆಗಡಿ ಹುಟ್ಟಿಸುವ ಜಾತಿಯ ಒಂದು ವೈರಾಣುವಾದರೂ ಒಡಲಿನಲ್ಲಿ ವೃದ್ಧಿಯಾಗುವ ಅದರ ಶಕ್ತಿಯನ್ನು ಮೊದಲೇ ತೆಗೆದುಹಾಕಿದ್ದಾರೆ. ವೃದ್ಧಿಯಾಗಲಾರದ್ದು ತೋಳಿನಿಂದ ಹೊರಟು ರಕ್ತವನ್ನು ಹಾದು, ಎದೆಯನ್ನು ಸೇರಿ, ಹಾಲಿನಲ್ಲಿ ಇಳಿದು, ಕೂಸಿನ ಜಠರದ ಆಮ್ಲವನ್ನೂ ಗೆದ್ದು ರೋಗವನ್ನು ಹುಟ್ಟಿಸಬೇಕಾದರೆ ಅದಕ್ಕೆ ಇಲ್ಲದ ಸಾಮರ್ಥ್ಯವನ್ನು ನಾವು ಆರೋಪಿಸಬೇಕಾಗುತ್ತದೆ.

ಅಷ್ಟರಲ್ಲಿ ಒಳಗಿನಿಂದ ಕಷಾಯದ ಬಟ್ಟಲನ್ನು ಹಿಡಿದು ಬಂದ ಅವ್ವ, ಮಾತಿನ ಎಳೆಯನ್ನು ಹಿಡಿದುಕೊಂಡಳು.

ಅವ್ವ: ಬಾಣಂತಿ ಅಂದ್ರ ಹಸೀ ಮೈ. ತಲಿಗೆ ಗಾಳಿ ತಾಗಬಾರದು ಅಂತ ಕಿವಿ ಕಟ್ಟಿ, ಅಂಟಿನ ಉಂಡಿ ತಿನಿಸಿ ಕಾಯಾಕತ್ತೇವಿ. ನೀವು ಸೂಜಿ ಮಾಡಸು ಅಂತೀರಿ. ಹಾಲ ಬತ್ತಿತು ಅಂದ್ರ ಕೂಸಿನ ಗತಿ ಏನು?

ಕಾಕಾ: ವೈನಿ, ನಿಮ್ಮ ಆರೈಕೆಯನ್ನು ನಾನು ಹಳಿಯೆನು, ಈ ಮನೆಯ ಮಕ್ಕಳೆಲ್ಲ ಅದರಲ್ಲಿಯೇ ಬೆಳೆದವರು. ಆದರೆ ಇವಳು ಬಸುರಿಯಿದ್ದಾಗ ಧನುರ್ವಾಯುವಿನ ಸೂಜಿ ಮಾಡಿಸಿದವರು ನೀವು. ಕೂಸು ಹುಟ್ಟಿದೊಡನೆ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಮೂರನ್ನೂ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬಂದವರೂ ನೀವು. ಇನ್ನು ಹಾಲಿನ ಮಾತು. ಲಸಿಕೆಯಿಂದ ಹಾಲು ಬತ್ತುವುದಿಲ್ಲ; ಲಸಿಕೆ ಹಾಕಿಸಿಕೊಂಡವಳು ಕೆಲವು ದಿನ ಕೂಸಿಗೆ ಕುಡಿಸಬಾರದೆಂಬ ಗಾಳಿಮಾತನ್ನು ನಂಬಿ ಕೂಸನ್ನು ಎದೆಯಿಂದ ದೂರವಿಟ್ಟರೆ ನಿಶ್ಚಯವಾಗಿ ಬತ್ತೀತು. ಒಂದು ಹೊತ್ತೂ ನಿಲ್ಲಿಸಬೇಕಾದ ಕಾರಣವಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಒಂದೆರಡು ದಿನ ಜ್ವರ, ಮೈಕೈ ನೋವು ಬಂದೀತು; ಅದಕ್ಕೆ ಕೊಡುವ ಪ್ಯಾರಾಸಿಟಮಾಲ್ ಗುಳಿಗೆ ಹಾಲೂಡುವವಳಿಗೆ ನಿಷಿದ್ಧವಲ್ಲ.

ಮಗಳು: ಅನುಮಾನ ಪ್ರಮಾಣವೆಂದಿರಿ. ಅದು ತಪ್ಪಿದ ಉದಾಹರಣೆಯೂ ಇದೆಯಲ್ಲ? 2009ರಲ್ಲಿ ಬ್ರಜಿಲಿನಲ್ಲಿ ಬಾಣಂತಿಯೊಬ್ಬಳಿಗೆ ಪೀತಜ್ವರದ ಲಸಿಕೆ ಹಾಕಿದಾಗ, ಲಸಿಕೆಯ ವೈರಾಣುವೇ ಕೂಸಿಗೆ ದಾಟಿ ಅದಕ್ಕೆ ಮಿದುಳಿನ ಉರಿಯೂತ ಬಂದಿತೆಂದು ಓದಿದೆ. ಅಲ್ಲಿಯೂ ಯಾರೋ ಒಬ್ಬರು, ಏನೂ ಆಗದೆಂದು ಧೈರ್ಯ ಹೇಳಿಯೇ ಇದ್ದಿರಬೇಕು.

ಕಾಕಾ: ಒಳ್ಳೆಯ ಆಕ್ಷೇಪ. ಆ ಕೂಸು ಚೇತರಿಸಿಕೊಂಡಿತೆಂಬುದನ್ನೂ ಓದಿರಬೇಕು ನೀನು. ಆದರೆ ಅದರಿಂದ ಆಕ್ಷೇಪದ ಬಲವೇನೂ ಕುಗ್ಗದು. ಪೀತಜ್ವರದ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ್ದಾದರೂ ಜೀವಂತವಾದ, ಒಡಲಿನಲ್ಲಿ ಬೆಳೆಯಬಲ್ಲ ವೈರಾಣು. ಹಾಗೆಂದು ಜೀವಂತವಾದದ್ದೆಲ್ಲ ಅಪಾಯವೆಂದೂ ಅಲ್ಲ. ರುಬೆಲ್ಲಾ ಲಸಿಕೆಯ ಜೀವಂತ ವೈರಾಣು ಹಾಲಿನಲ್ಲಿ ಕಾಣಿಸಿಕೊಂಡರೂ ಕೂಸುಗಳಿಗೆ ಸಾಮಾನ್ಯವಾಗಿ ಬಾಧೆಯಾಗುವುದಿಲ್ಲ, ಆದ್ದರಿಂದ ಅದನ್ನು ಬಾಣಂತಿಯರಿಗೆ ಕೊಡುತ್ತಾರೆ. ಸಿಡುಬಿನ ಲಸಿಕೆಯನ್ನು ಮಾತ್ರ ಹಾಲೂಡುವವಳಿಗೆ ಕೊಡುವುದಿಲ್ಲ. ಪೀತಜ್ವರದ್ದನ್ನು ಅನಿವಾರ್ಯವಾದರೆ ಮಾತ್ರ ಕೊಡುತ್ತಾರೆ. ಈ ನಿಷೇಧಗಳು ಎಷ್ಟು ಸೂಕ್ಷ್ಮವಾಗಿ ವಿಂಗಡಿಸಿದವು ನೋಡು. ಬ್ರಜಿಲಿನ ಕೂಸಿನ ಕಥೆಯನ್ನು ಯಾರೂ ಮುಚ್ಚಿಡಲಿಲ್ಲ. ಅದನ್ನು ಬರೆದಿಟ್ಟದ್ದರಿಂದಲೇ ಜಗತ್ತು ಅಂದಿನಿಂದ ಎಚ್ಚರಿಕೆಯಿಂದಿದೆ. ಅಪವಾದವನ್ನು ದಾಖಲಿಸುವ ಶಾಸ್ತ್ರವು, ಬೇರೊಂದು ಕಡೆ ಅಪಾಯದ ಕಾರಣವಿಲ್ಲವೆಂದು ಹೇಳಿದಾಗ, ಆ ಮಾತಿಗೆ ಆಪ್ತವಾಕ್ಯದ ಬೆಲೆ ಬರುತ್ತದೆ.

ಮಗಳು: ರಕ್ತ ಹೆಪ್ಪುಗಟ್ಟುವ ಮಾತು?

ಕಾಕಾ: ಅದು ನಿಜ. ಕೋವಿಶೀಲ್ಡಿನ ವಿಷಯದಲ್ಲಿ ಲಸಿಕೆಯ ದುಷ್ಪರಿಣಾಮಗಳನ್ನು ಪರಿಶೀಲಿಸುವ ಭಾರತದ ಸಮಿತಿಯು ಮೇ ತಿಂಗಳಲ್ಲಿ ಪ್ರಕಟಿಸಿದ ಲೆಕ್ಕ, ಹತ್ತು ಲಕ್ಷ ಡೋಸುಗಳಿಗೆ 0.61. ಹೆರಿಗೆಯ ನಂತರದ ಆರು ವಾರಗಳಲ್ಲಿ ಸ್ತ್ರೀಯರ ರಕ್ತಕ್ಕೆ ಹೆಪ್ಪುಗಟ್ಟುವ ಸ್ವಭಾವವು ಸಹಜವಾಗಿಯೇ ಹೆಚ್ಚು. ಆದ್ದರಿಂದ ಯಾವ ಲಸಿಕೆ, ಯಾವ ವಾರ ಎಂಬುದನ್ನು ವೈದ್ಯರೊಡನೆ ಕೂತು ಕೇಳು. ತಡೆಯಲಾರದ ತಲೆನೋವು, ಉಸಿರಾಟದ ಕಷ್ಟ, ಕಾಲಿನ ಬಾವು ಕಂಡರೆ ಒಡನೆ ಆಸ್ಪತ್ರೆಗೆ ಹೋಗಬೇಕು. ಆದರೆ ಕೋವಿಡ್ ರೋಗವೂ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಅದೂ ಇದಕ್ಕಿಂತ ಅನೇಕ ಪಟ್ಟು ಹೆಚ್ಚಾಗಿ, ಎಂಬುದನ್ನು ಮರೆತು ಲೆಕ್ಕ ಹಾಕಬೇಡ.

ಮಗಳು: ಲೆಕ್ಕ ನನಗೆ ಅರ್ಥವಾಗುತ್ತದೆ, ಕಾಕಾ. ಆದರೂ ಮನಸ್ಸು ಒಪ್ಪದು. ನಾನು ಸೂಜಿ ಮಾಡಿಸಿಕೊಂಡು ಕೂಸಿಗೆ ಏನಾದರೂ ಆದರೆ ಅದು ನಾನು ಮಾಡಿದ್ದು. ಸುಮ್ಮನಿದ್ದು ಏನಾದರೂ ಆದರೆ ಅದು ಬಂದದ್ದು. ಈ ಎರಡರ ಭಾರವೂ ಒಂದೇ ಎಂದು ನೀವು ಹೇಗೆ ಹೇಳುವಿರಿ?

ಕಾಕಾ: ಇದು ನಮ್ಮ ದೇಶದ ಬಹು ಹಳೆಯ ಪ್ರಶ್ನೆ! ನಿತ್ಯಕರ್ಮವನ್ನು ಮಾಡದವನಿಗೆ ಪ್ರತ್ಯವಾಯವೆಂಬ ದೋಷವು ತಗಲುವುದೆಂದು ಒಂದು ಪಕ್ಷ. ಮಾಡದಿರುವುದು ಅಭಾವ, ಅಭಾವದಿಂದ ದೋಷವೆಂಬ ಭಾವರೂಪದ ಫಲ ಹುಟ್ಟುವುದೆಂತು ಎಂದು ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಆ ಪಕ್ಷವನ್ನು ಪ್ರಶ್ನಿಸಿದರು. ಇಲ್ಲಿ ಮೀಮಾಂಸಕರು ಕೊಡಬಹುದಾದ ಸಮಾಧಾನವೂ ಸ್ವಾರಸ್ಯವಾದದ್ದು. ವಿಹಿತವಾದುದನ್ನು ಬಿಟ್ಟವನು ಆ ಹೊತ್ತಿನಲ್ಲಿ ಮತ್ತೇನನ್ನೋ ಮಾಡುತ್ತಿರುವನಾದ್ದರಿಂದ, ದೋಷದ ಕಾರಣವು ಆ ಮತ್ತೊಂದು ಕರ್ಮವೆಂದೇಕೆ ಹೇಳಬಾರದು? ಹಾಗೆ ಹೇಳಿದರೆ ಅಭಾವವೆಂಬುದು ಸ್ವತಂತ್ರ ಪದಾರ್ಥವೆ, ಅಥವಾ ಬರಿಯ ಅಧಿಕರಣದ ಸ್ವರೂಪವೆ ಎಂಬ ಜಿಜ್ಞಾಸೆ ಏಳುತ್ತದೆ. ನೈಯಾಯಿಕರು ಒಂದು ಹೇಳಿದರು, ಪ್ರಾಭಾಕರರು ಇನ್ನೊಂದು...

ಮಗಳು: ಕಾಕಾ, ಕೂಸು ಎದ್ದಿತು. ನಾವು ಎಲ್ಲಿಗೋ ಹೋದೆವು.

ಕಾಕಾ: ಹೌದು, ಹೋದೆವು. ಆದರೆ ಅಲ್ಲಿಂದ ಬರಿಗೈಯಲ್ಲಿ ಬರಬೇಕಿಲ್ಲ. ನೀನು ಸುಮ್ಮನಿರುತ್ತೇನೆ ಎಂದೆಯಲ್ಲ, ನಿಜವಾಗಿ ಸುಮ್ಮನಿರುವೆಯಾ? ಸನ್ಯಾಸಿಯು ಕರ್ಮವನ್ನು ಬಿಟ್ಟು ಗುಹೆಯಲ್ಲಿ ಕುಳಿತರೆ ಅವನ ಮಾಡದಿರುವಿಕೆಯನ್ನು ಅಭಾವವೆನ್ನಬಹುದು. ಶಂಕರರ ವಾದವು ಅಂಥವನಿಗಾಗಿಯೇ ಹೊರಟದ್ದು. ನೀನಾದರೋ ಹಗಲೂ ರಾತ್ರಿಯೂ ಕೂಸನ್ನು ಎದೆಗೆ ತೆಗೆದುಕೊಳ್ಳುವೆ. ಅದರ ಮುಖದ ಮೇಲೆ ನಿನ್ನ ಉಸಿರು ಬೀಳುತ್ತದೆ. ನಿನ್ನ ಗಂಡ ವಾರಕ್ಕೊಮ್ಮೆ ಗದಗಿನಿಂದ ಬಸ್ಸು ಹತ್ತಿ ಬರುತ್ತಾನೆ. ನಿಮ್ಮಪ್ಪ ಕಾಯಿಪಲ್ಯ ತರಲು ಪೇಟೆಗೆ ಹೋಗಿಬರುತ್ತಾರೆ. ಓಣಿಯವರು ಕೂಸನ್ನು ನೋಡಲು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಈ ಎಲ್ಲ ದಾರಿಗಳೂ ನಿನ್ನ ತೊಡೆಯ ಬಳಿ ಬಂದು ಕೂಡುತ್ತವೆ. ಲಸಿಕೆಯಿಲ್ಲದೆ ಹಾಲೂಡುವುದೂ ಒಂದು ಕರ್ಮ, ತಂಗೀ. ಲಸಿಕೆ ಪಡೆದು ಹಾಲೂಡುವುದು ಇನ್ನೊಂದು ಕರ್ಮ. ಕರ್ಮವೇ ಇಲ್ಲದ ಮೂರನೆಯ ಸ್ಥಾನವೊಂದು ನಿನಗಿದೆಯೆಂದು ಲೋಕವು ನಿನ್ನನ್ನು ನಂಬಿಸಿದೆ. ಅಂಥ ಸ್ಥಾನವು ತಾಯಿಗಿಲ್ಲ. ಭಾರ ಎರಡೂ ಕಡೆ ಇರುವಾಗ ಯಾವುದು ಹಗುರವೆಂದು ನೋಡುವುದಷ್ಟೇ ಉಳಿಯುತ್ತದೆ.

ಮಗಳು: ಒಪ್ಪಿದೆ. ಅದು ಹಾಗೆಯೇ ಸರಿ.

(ಅವಳು ಇಷ್ಟು ಬೇಗ ಒಪ್ಪಿದ್ದು ವಾದಕ್ಕೆ ಸೋತದ್ದರಿಂದಲೋ, ಈ ಮಾತನ್ನು ತನ್ನೊಳಗೇ ಆಗಲೇ ಆಡಿಕೊಂಡಿದ್ದರಿಂದಲೋ, ಹೇಳುವುದು ಕಷ್ಟ. ರಾತ್ರಿಯೆಲ್ಲ ಎಚ್ಚರವಿರುವ ಬಾಣಂತಿಯರು ತಾರ್ಕಿಕರಿಗಿಂತ ಹೆಚ್ಚು ವಾದಗಳನ್ನು ಆಡಿ ಮುಗಿಸಿರುತ್ತಾರೆಂದು ನನ್ನ ನಂಬಿಕೆ.)

ಮಗಳು: ಹಾಲಿನಿಂದ ಕೂಸಿಗೂ ರಕ್ಷಣೆ ಸಿಗುವುದೆಂಬುದು ನಿಜವೆ?

ಕಾಕಾ: ಇಸ್ರೇಲಿನಲ್ಲಿ ಲಸಿಕೆ ಪಡೆದ 84 ತಾಯಂದಿರ ಹಾಲನ್ನು ಪರೀಕ್ಷಿಸಿ, ಅದರಲ್ಲಿ ಈ ವೈರಾಣುವಿನ ಪ್ರತಿಕಾಯಗಳಿರುವುದನ್ನು ಈ ವರ್ಷದ ಏಪ್ರಿಲಿನಲ್ಲಿ ಪ್ರಕಟಿಸಿದರು. ಆದರೆ ಅವರು ಪಡೆದದ್ದು ಫೈಜರ್ ಲಸಿಕೆ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಎರಡರಲ್ಲಿ ಒಂದೂ ಅಲ್ಲ. ಅಲ್ಲದೆ ಹಾಲಿನಲ್ಲಿ ಪ್ರತಿಕಾಯವಿದೆಯೆಂದರೆ ಕೂಸಿಗೆ ರೋಗ ಬಾರದೆಂದು ಸಿದ್ಧವಾಗುವುದಿಲ್ಲ. ಈ ಕೂಸಿಗೆ ಹಾಕಬಹುದಾದ ಕೋವಿಡ್ ಲಸಿಕೆಯೇ ಇಲ್ಲದಿರುವಾಗ, ನಿನ್ನ ಮೈಯೇ ಅದರ ಗೋಡೆ ಎಂಬುದು ಮಾತ್ರ ನಿಶ್ಚಿತ. ಹಾಲಿನ ರಕ್ಷಣೆ ಬಂದರೆ ಅದು ಅಧಿಕ ಲಾಭ.

ಮಗಳು: ಇಷ್ಟು ಸ್ಪಷ್ಟವಾಗಿದ್ದರೆ ಜನವರಿಯಲ್ಲಿಯೇ ಏಕೆ ಹೇಳಲಿಲ್ಲ?

ಕಾಕಾ: ನನಗೆ ಸಂಕಟವಾಗುವುದು ಇಲ್ಲಿಯೇ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಕೂಸುಗಳು ಹುಟ್ಟುತ್ತವೆ. ಅಂದರೆ ಯಾವ ದಿನ ಎಣಿಸಿದರೂ ಹಾಲೂಡುವ ತಾಯಂದಿರು ಕೋಟಿಗಳ ಲೆಕ್ಕದಲ್ಲಿರುತ್ತಾರೆ. ಇಷ್ಟು ಜನರನ್ನು, ರಕ್ಷಿಸುತ್ತೇವೆಂಬ ಸದುದ್ದೇಶದಿಂದಲೇ ಪ್ರಯೋಗದ ಹೊರಗಿಟ್ಟರು. ಹೊರಗಿಟ್ಟದ್ದರಿಂದ ಅವರ ವಿಷಯದ ತಿಳಿವು ಹುಟ್ಟಲಿಲ್ಲ. ತಿಳಿವಿಲ್ಲವೆಂಬ ಕಾರಣದಿಂದ ಲಸಿಕೆಯ ಹೊರಗೂ ಇಟ್ಟರು. ಜನವರಿ 16ರಂದು ಮೊದಲ ಸರದಿ ಯಾರದು? ದಾದಿಯರದು, ಆಶಾ ಕಾರ್ಯಕರ್ತೆಯರದು, ವೈದ್ಯೆಯರದು. ಅವರಲ್ಲಿ ಎಳೆಗೂಸಿನ ತಾಯಂದಿರು ಇರಲಿಲ್ಲವೆ? ರೋಗಿಗಳ ನಡುವೆ ದಿನವೆಲ್ಲ ದುಡಿದು ಮನೆಗೆ ಬಂದು ಹಾಲೂಡುವವಳಿಗೆ, ಎಲ್ಲರಿಗಿಂತ ಮೊದಲು ಬೇಕಾದವಳಿಗೆ, ನೀನು ಹಿಂದೆ ನಿಲ್ಲೆಂದರು. ಏಪ್ರಿಲ್, ಮೇ ತಿಂಗಳುಗಳು ಹೇಗಿದ್ದವೆಂದು ಈ ವಿದ್ಯಾನಗರದವರಿಗೆ ಯಾರೂ ಹೇಳಬೇಕಿಲ್ಲ. ರಕ್ಷಣೆಯ ಹೆಸರಿನಲ್ಲಿ ಒಬ್ಬಳನ್ನು ತಿಳಿವಿನಿಂದ ದೂರವಿಟ್ಟು, ಆಮೇಲೆ ನಿರ್ಣಯವನ್ನು ಮಾತ್ರ ಅವಳ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ನಿನ್ನ ಈ ಸಂದೇಹ ನಿನ್ನ ಮನಸ್ಸಿನ ದೌರ್ಬಲ್ಯದಿಂದ ಹುಟ್ಟಿದ್ದಲ್ಲ ಮಗಳೇ. ಕೇಳಬೇಕಾದವರು ಸಕಾಲದಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದು, ಈಗ ನಿನ್ನ ಮಡಿಲಿಗೆ ಬಂದಿದೆ. ಹಾಲೂಡುವವರನ್ನು ಮೊದಲಿನಿಂದಲೇ, ಅವರ ಸಮ್ಮತಿಯಿಂದ, ಸಕಲ ಎಚ್ಚರಿಕೆಗಳೊಡನೆ ಪ್ರಯೋಗದಲ್ಲಿ ಸೇರಿಸಿಕೊಳ್ಳಬೇಕಾಗಿತ್ತು.

ಅವ್ವ: ಅಂದ್ರ ಈಗ ಮಾಡಸೂದು ಅಂತ ಆತು?

ಮಗಳು: ಹೂಂ ಅವ್ವ. ನಾಳೆ ಡಾಕ್ಟರನ್ನು ಕೇಳಿ, ಅವರು ಹೂಂ ಅಂದರೆ ಹೋಗಿಬರುತ್ತೇನೆ. ಕೂಸನ್ನು ಅಷ್ಟು ಹೊತ್ತು ನೀನು ನೋಡಿಕೋ.

ಅವ್ವ: ನೋಡ್ತೀನಿ. ಲಗೂನ ಬಾ.

ಮಗಳು: ಕಾಕಾ, ಒಂದು ಮಾತು ಉಳಿಯಿತು. ಪ್ರಯೋಗದಲ್ಲಿ ಸೇರಿಸಿಕೊಳ್ಳಬೇಕಾಗಿತ್ತು ಎಂದಿರಿ. ಹೋದ ವರ್ಷವೇ ಈ ಕೂಸು ಹುಟ್ಟಿ, ಯಾರಾದರೂ ನಮ್ಮ ಬಾಗಿಲಿಗೆ ಬಂದು, ನಿಮ್ಮ ಮಗಳನ್ನು ಹಾಲೂಡುತ್ತಿರುವಾಗಲೇ ಪ್ರಯೋಗಕ್ಕೆ ಕಳುಹಿಸಿ ಎಂದಿದ್ದರೆ, ಹೋಗು ಎನ್ನುತ್ತಿದ್ದಿರಾ?

ಕಾಕಾ: ಎನ್ನಬೇಕಾಗಿತ್ತು.

ಮಗಳು: ಎನ್ನುತ್ತಿದ್ದಿರಾ?

ಕಾಕಾ: ನನ್ನ ವಾದವು ಹೌದೆನ್ನುತ್ತದೆ. ಆದರೆ ಆ ಕೂಸಿನ ಮುಖ ನೋಡುತ್ತ ಒಡನೆ ಹೌದೆನ್ನಲು ನಾಲಗೆ ಏಳದು.

ಮಗಳು: ಹಾಗಾದರೆ ಯಾರ ಮಗಳು ಹೋಗಬೇಕಾಗಿತ್ತು, ಕಾಕಾ?