ಮನೆಯೊಳಗಿನ ಅಧೀನತೆ ಮತ್ತು ದಂಡದ ಎಲ್ಲೆ

ಗಂಡನು ಹೆಂಡತಿಯ ಮೇಲೆ ಒಮ್ಮೆಯೂ ಕೈ ಮಾಡದೆ ಅವಳ ಇಡೀ ಬದುಕನ್ನು ತನ್ನ ಮುಷ್ಟಿಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲನು. ತವರಿಗೆ ಹೋಗಲು, ಫೋನಿನಲ್ಲಿ ಮಾತನಾಡಲು, ಸಂತೆಯಲ್ಲಿ ಹತ್ತು ರೂಪಾಯಿ ಖರ್ಚು ಮಾಡಲು ಅಪ್ಪಣೆ ಬೇಕೆಂಬ ಕಟ್ಟಳೆಯೂ ಅದನ್ನು ಮೀರಿದರೆ ಏನಾದೀತೋ ಎಂಬ ಅಂಜಿಕೆಯೂ ವರ್ಷಗಟ್ಟಲೆ ಕೂಡಿಕೊಂಡು ಉಂಟಾಗುವ ಈ ಸ್ಥಿತಿಯನ್ನು ದಮನಕಾರಿ ನಿಯಂತ್ರಣ ಎನ್ನಲಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರ ತಮ್ಮ ಗ್ರಂಥದಲ್ಲಿ ಇದನ್ನು ಸ್ವಾತಂತ್ರ್ಯದ ವಿರುದ್ಧದ ಅಪರಾಧವೆಂದು ವಿವರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಗಂಭೀರ ಅಪರಾಧ ಕಾಯಿದೆಯ 76ನೇ ಕಲಮು ಇದಕ್ಕೆ ಐದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತು. ಭಾರತದಲ್ಲಿಯೂ ಅಂಥದೊಂದು ಕಲಮು ಬೇಕೆ ಎಂಬುದನ್ನು ನಿರ್ಧರಿಸಬೇಕಾದರೆ ಸ್ವಾತಂತ್ರ್ಯವೆಂದರೇನು, ಶಿಕ್ಷೆಯಿಂದ ಏನು ಸಾಧ್ಯ ಎಂಬ ಎರಡು ತಾತ್ತ್ವಿಕ ಪ್ರಶ್ನೆಗಳನ್ನು ಮೊದಲು ಎದುರಿಸಬೇಕಾಗುತ್ತದೆ.

ಮೊದಲ ಪ್ರಶ್ನೆಗೆ ತತ್ತ್ವಜ್ಞಾನಿ ಫಿಲಿಪ್ ಪೆಟಿಟ್ ಕೊಡುವ ಉತ್ತರ ಇಲ್ಲಿ ಪ್ರಯೋಜನಕಾರಿ. ಯಾರೂ ಅಡ್ಡಿಪಡಿಸದಿರುವುದಷ್ಟೇ ಸ್ವಾತಂತ್ರ್ಯವಲ್ಲ, ಅಡ್ಡಿಪಡಿಸುವ ನಿರಂಕುಶ ಅಧಿಕಾರವೇ ಯಾರಿಗೂ ಇಲ್ಲದಿರುವುದು ಸ್ವಾತಂತ್ರ್ಯ ಎಂಬುದು ಅವರ ವಾದ. ಈ ನೋಟದಲ್ಲಿ ದಯಾಳುವಾದ ಒಡೆಯನ ಕೈಕೆಳಗಿನ ಗುಲಾಮನೂ ಗುಲಾಮನೇ. ಹಾಗಿದ್ದಲ್ಲಿ ಹೊಡೆಯದ ಗಂಡನ ಮನೆಯಲ್ಲಿ ಅಂಜಿ ಬದುಕುವವಳಿಗೆ ಆಗುತ್ತಿರುವುದು ಅನ್ಯಾಯವೇ, ಮತ್ತು ಅದನ್ನು ಸಂಸಾರದ ಒಳಮಾತೆಂದು ಬದಿಗಿಡಲು ಬರುವುದಿಲ್ಲ. ಅಪರಾಧ ಕಾನೂನಿನ ಪರವಾಗಿರುವವರ ಬಲವಾದ ವಾದವೂ ಇದೇ: ಸಮಾಜವು ಯಾವುದನ್ನು ತಪ್ಪೆಂದು ಬಗೆಯುತ್ತದೆಯೋ ಅದನ್ನು ಗಟ್ಟಿಯಾಗಿ ಸಾರುವ ಮಾರ್ಗ ದಂಡವಿಧಿ.

ಭಾರತದ ಕಾನೂನು ಈ ಅನ್ಯಾಯವನ್ನು ಎರಡು ಬಗೆಯಲ್ಲಿ ನೋಡಿದೆ. 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. ಅದರ ಪ್ರಕಾರ ಹೆಂಡತಿಯನ್ನು ಆತ್ಮಹತ್ಯೆಗೆ ದೂಡಬಲ್ಲ ಅಥವಾ ಅವಳ ಜೀವಕ್ಕೂ ದೈಹಿಕ, ಮಾನಸಿಕ ಆರೋಗ್ಯಕ್ಕೂ ಗಂಭೀರ ಅಪಾಯ ತರಬಲ್ಲ ನಡತೆ, ಇಲ್ಲವೆ ಆಸ್ತಿಪಾಸ್ತಿಗಾಗಿ ಕೊಡುವ ಕಿರುಕುಳ ಕ್ರೌರ್ಯವೆನಿಸುತ್ತದೆ. ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವುಂಟು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ ದಾರಿ ಬೇರೆ. ಅದು ಮಾತಿನ, ಮನಸ್ಸಿನ, ಹಣಕಾಸಿನ ಪೀಡನೆಯನ್ನೂ ಹಿಂಸೆಯೆಂದು ಪರಿಗಣಿಸುತ್ತದೆಯಾದರೂ ಗಂಡನನ್ನು ನೇರವಾಗಿ ಜೈಲಿಗೆ ಕಳಿಸುವುದಿಲ್ಲ. ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ, ವಾಸದ, ಜೀವನಾಂಶದ ಆದೇಶ ಕೊಡಿಸುತ್ತದೆ. ರಕ್ಷಣಾ ಆದೇಶವನ್ನು ಮುರಿದಾಗ ಮಾತ್ರ 31ನೇ ಕಲಮಿನಡಿ ಒಂದು ವರ್ಷದವರೆಗಿನ ಸೆರೆ ಅಥವಾ 20,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ ಬರುತ್ತವೆ.

ಶಿಕ್ಷೆಯಿಂದ ಏನು ಸಾಧ್ಯ ಎಂಬ ಎರಡನೆಯ ಪ್ರಶ್ನೆಗೆ ಬಂದರೆ, ದಂಡವಿಧಿಯು ಸ್ವಭಾವತಃ ಘಟನೆಯನ್ನು ಹುಡುಕುತ್ತದೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗನು ಒಲಿದ ಹುಡುಗಿಯೊಡನೆ ಊರು ಬಿಟ್ಟ ಕಾರಣಕ್ಕೆ ತಾಯಿಯೊಬ್ಬಳನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದಾಗ ದಿನ, ಸ್ಥಳ, ಕೃತ್ಯ ಎಲ್ಲವೂ ಸ್ಪಷ್ಟವಾಗಿದ್ದವು. ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ನೋಡುತ್ತ ನಿಂತ ಊರಿನ ಹೊಣೆಯನ್ನೂ ಪ್ರಶ್ನಿಸಿತು. ಅಂಥ ಕೃತ್ಯಕ್ಕೆ ಕಠಿಣ ಶಿಕ್ಷೆಯೇ ತಕ್ಕ ಉತ್ತರ. ದಮನಕಾರಿ ನಿಯಂತ್ರಣವಾದರೋ ಒಂದು ಸ್ಥಿತಿ. ಅದರ ಬಿಡಿಬಿಡಿ ಕೃತ್ಯಗಳು ನ್ಯಾಯಾಲಯದಲ್ಲಿ ಕ್ಷುಲ್ಲಕವಾಗಿ ಕಾಣುತ್ತವೆ, ಸಾಕ್ಷಿ ಹೇಳಬೇಕಾದವರು ಅದೇ ಮನೆಯವರಾಗಿರುತ್ತಾರೆ, ಸಂಶಯಾತೀತವಾಗಿ ಸಾಬೀತುಪಡಿಸುವ ಭಾರವೋ ಸಂಪೂರ್ಣವಾಗಿ ಅಂಜಿದವಳ ಮಾತಿನ ಮೇಲೆ ಬೀಳುತ್ತದೆ.

ಈ ಸ್ಥಿತಿಯ ಬೇರು ಎಲ್ಲಿದೆ ಎಂಬುದನ್ನು ಹಿಡಕಲ್ ಜಲಾಶಯದ ನೀರುಣ್ಣುವ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಸುಲಭವಾಗಿ ಗುರುತಿಸಬಹುದು. ಕಬ್ಬಿನ ಗದ್ದೆಯಲ್ಲಿ ಹೆಂಗಸರ ದುಡಿಮೆ ಎಷ್ಟೇ ಇದ್ದರೂ, ಹೊಲದ ಉತಾರ, ಅಂದರೆ ಪಹಣಿ, ಗಂಡಸಿನ ಹೆಸರಿನಲ್ಲಿದ್ದರೆ ಕಾರ್ಖಾನೆಯ ಬಿಲ್ಲು ಅವನ ಖಾತೆಗೇ ಜಮೆಯಾಗುತ್ತದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುವುದು ಇದಕ್ಕೊಂದು ಅಪವಾದ. ಆದರೆ ಎಟಿಎಂ ಕಾರ್ಡು ಗಂಡನ ಕಿಸೆಯಲ್ಲಿರುವಷ್ಟು ಕಾಲ ಆ ಖಾತೆಯೂ ಹೆಸರಿಗಷ್ಟೇ ಅವಳದು. ಇಂಥಲ್ಲಿ ಗಂಡನು ಜೈಲಿಗೆ ಹೋದರೆ ಅವಳ ಕೈಯಲ್ಲಿ ಉಳಿಯುವುದು ಅವನ ಸಾಲವೇ ಹೊರತು ಹೊಲವಲ್ಲ.

ದಂಡವಿಧಿಯನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಬೆಳಗಾವಿ ಜಿಲ್ಲೆಯ ಇನ್ನೊಂದು ಇತಿಹಾಸ ಸಾಕ್ಷಿಯಾಗಿದೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು, ಅಂದರೆ ಅವರನ್ನು ದೇವದಾಸಿಯರಾಗಿ ಅರ್ಪಿಸುವುದನ್ನು, 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಅಪರಾಧವಾಗಿಸಿ, ಹೆತ್ತವರಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆಯನ್ನು ಗೊತ್ತುಪಡಿಸಿತು. ಅದು ದಾಂಪತ್ಯದ ದಬ್ಬಾಳಿಕೆಗಿಂತ ಭಿನ್ನವೆಂಬುದು ನಿಜ. ಆದರೆ ಭಕ್ತಿ, ಬಡತನ, ಮನೆತನದ ಒತ್ತಾಯಗಳು ಕೂಡಿ ಹೆಣ್ಣಿನ ಇಚ್ಛೆಯನ್ನೇ ಇಲ್ಲವಾಗಿಸುವ ಬಗೆ ಎರಡರಲ್ಲೂ ಒಂದೇ. ತನ್ನ ತಾಯಿಯ ಮೇಲೆಯೇ ಫಿರ್ಯಾದು ಕೊಡಬೇಕಾದ ಮಗಳು ಸುಮ್ಮನಾದಳು, ಪದ್ಧತಿಯು ಗುಡಿಯಿಂದ ಗುಟ್ಟಿನ ಸ್ಥಳಗಳಿಗೆ ಸರಿಯಿತು. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರು ತಾವೇ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, ಈ ಮೌನವನ್ನು ಒಡೆಯುವ ಕೆಲಸಕ್ಕಿಳಿಯಿತು. ಸಂಘ, ಉಳಿತಾಯ, ಮಕ್ಕಳ ಓದು ಇವು ಅದರ ಸಾಧನಗಳಾದವು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ನಿಷೇಧವು ಅವರ ಕೆಲಸಕ್ಕೆ ಬೆನ್ನಾಸರೆಯಾಯಿತೆಂಬುದನ್ನು ಅಲ್ಲಗಳೆಯಲಾಗದು, ಆದರೆ ನಿಷೇಧವೊಂದೇ ಆ ಕೆಲಸವನ್ನು ಮಾಡಲಾರದಾಗಿತ್ತು.

ದಂಡದ ಎಲ್ಲೆಯನ್ನು ಹಳೆಯ ಚಿಂತನೆಯೂ ಬಲ್ಲದು. ದಂಡವು ಅತಿಯಾದರೆ ಜನ ತಲ್ಲಣಿಸುತ್ತಾರೆ, ತೀರ ಮೃದುವಾದರೆ ಕಡೆಗಣಿಸುತ್ತಾರೆ ಎಂಬುದು ಕೌಟಿಲ್ಯನ ಅಭಿಪ್ರಾಯ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಹೆಣ್ಣಿಗೆ ವಾರಸಿನಿಂದ, ಖರೀದಿಯಿಂದ, ಪಾಲಿನಿಂದ ಬಂದದ್ದೂ ಸ್ತ್ರೀಧನವೇ ಎಂದು ಅದರ ವ್ಯಾಪ್ತಿಯನ್ನು ಹಿಗ್ಗಿಸಿದನು. ಅವನು ವ್ಯಾಖ್ಯಾನಿಸಿದ ಸ್ಮೃತಿಯೇ ಹೆಣ್ಣನ್ನು ತಂದೆ, ಗಂಡ, ಮಕ್ಕಳ ಕಾವಲಿನಲ್ಲಿ ಇರಿಸಿದ್ದರಿಂದ ಆ ಪರಂಪರೆಯನ್ನು ಆದರ್ಶವೆನ್ನಲಾಗದು. ಆದರೂ ಅವಳ ಸ್ಥಾನವು ಗಂಡನ ಶಿಕ್ಷೆಗಿಂತ ಅವಳದೇ ಆಸ್ತಿಯಿಂದ ಭದ್ರವಾಗುತ್ತದೆಂಬ ತಿಳಿವು ಅಲ್ಲಿದೆ.

ಹೊಸ ಕಲಮಿನ ವಿರುದ್ಧದ ಮುಖ್ಯ ಆಕ್ಷೇಪವು ಪುರಾವೆಯ ಕಷ್ಟವನ್ನೂ ಮೀರಿದ್ದು. ದಂಡಪ್ರಕ್ರಿಯೆ ಆರಂಭವಾದೊಡನೆ ಮೊಕದ್ದಮೆಯು ಸರ್ಕಾರದ್ದಾಗುತ್ತದೆ. ಮುಂದುವರಿಸುವ, ನಿಲ್ಲಿಸುವ, ರಾಜಿಯಾಗುವ ತೀರ್ಮಾನ ಅವಳ ಕೈತಪ್ಪುತ್ತದೆ. ಇಚ್ಛೆಯನ್ನು ಕಳೆದುಕೊಂಡವಳಿಗೆ ಕೊಡುವ ಪರಿಹಾರವೇ ಅವಳ ಇಚ್ಛೆಯನ್ನು ಬದಿಗೊತ್ತಿದರೆ ಮೂಲ ಅನ್ಯಾಯವು ಬೇರೊಂದು ರೂಪದಲ್ಲಿ ಉಳಿದಂತಾಗುತ್ತದೆ. ಆದುದರಿಂದ ಹೊಡೆತಕ್ಕೂ ಬೆದರಿಕೆಗೂ ದಂಡವಿಧಿ ಇರಲಿ. ನಿಯಂತ್ರಣಕ್ಕೆ ಮೊದಲ ಉತ್ತರವಾಗಿ 2005ರ ಕಾಯಿದೆಯ ಆದೇಶಗಳಿರಲಿ, ಅವನ್ನು ಮುರಿದವನಿಗೆ ಶಿಕ್ಷೆ ತಪ್ಪದಿರಲಿ. ಇದು ನಡೆಯಬೇಕಾದರೆ ಅಂಗನವಾಡಿಗಳ ಮೇಲ್ವಿಚಾರಣೆಯ ಜೊತೆಗೆ ಸಂರಕ್ಷಣಾಧಿಕಾರಿಯ ಹೊಣೆಯನ್ನೂ ಹೊತ್ತಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಬದಲು ಆ ಕೆಲಸಕ್ಕೇ ಮೀಸಲಾದ ಅಧಿಕಾರಿಗಳು ಪ್ರತಿ ತಾಲ್ಲೂಕಿಗೂ ಬೇಕು, ಉತಾರದಲ್ಲಿ ಹೆಂಡತಿಯ ಹೆಸರೂ ಸೇರಬೇಕು. ಇವೆರಡೂ ಆಗುವ ಮುನ್ನ ತರುವ ಹೊಸ ಅಪರಾಧವು ಕಾಯಿದೆ ಪುಸ್ತಕಕ್ಕೆ ಒಂದು ಕಲಮನ್ನು ಸೇರಿಸೀತೇ ಹೊರತು ಹೆಣ್ಣಿನ ಸ್ವಾತಂತ್ರ್ಯವನ್ನು ಹೆಚ್ಚಿಸಲಾರದು.