ನಮ್ಮನ್ನು ಮೊದಲೇ ಬಲ್ಲ ಯಂತ್ರ

ಟೋಕಿಯೊದ ಕೆಲವು ಸಣ್ಣ ಬಾರುಗಳಲ್ಲಿ ಒಂದು ಕಟ್ಟಳೆಯಿದೆ: ಇಲ್ಲಿ ಹಾಡು ನುಡಿಸುವುದಿದ್ದರೆ ವಿನೈಲ್ ತಟ್ಟೆ ಮಾತ್ರ. ಕಟ್ಟಳೆಯ ಬಗ್ಗೆ ನನ್ನ ತಕರಾರಿಲ್ಲ. ಜಾಗ ಅವರದು, ಸೂಜಿ ಅವರದು. ಕಿರಿಕಿರಿಯಾಗುವುದು ಅದರ ಬೆನ್ನಿಗೇ ಬರುವ ಉಪದೇಶದಿಂದ. ಟರ್ನ್‌ಟೇಬಲ್ ಮುಂದೆ ನಿಂತವನು ಕಲಾವಿದ, ಡಿಜಿಟಲ್ ಕಂಟ್ರೋಲರ್ ಮುಂದೆ ನಿಂತವನು ಗುಂಡಿ ಒತ್ತುವ ಗುಮಾಸ್ತ. ಕೈಗೆ ಕಷ್ಟ ಕೊಡುವ ಸಲಕರಣೆ ಪ್ರಾಮಾಣಿಕ, ಕಷ್ಟ ತಪ್ಪಿಸುವ ಸಲಕರಣೆ ಮೋಸ. ಯೊಕೊಹಾಮಾದಲ್ಲಿ ಹಗಲು ಸಾಫ್ಟ್‌ವೇರ್ ಬರೆದು, ವಾರಾಂತ್ಯದ ರಾತ್ರಿಗಳಲ್ಲಿ ಡಿಜೆ ಕೆಲಸ ಮಾಡುವ ನನಗೆ ಈ ಮಾತು ಎರಡು ಕಡೆಯಿಂದ ಚುಚ್ಚುತ್ತದೆ. ಮನೆಯಲ್ಲಿ ಎರಡೂ ಇವೆ: ತಟ್ಟೆ ತಿರುಗಿಸುವ ಎರಡು ಹಳೆಯ ಟೆಕ್ನಿಕ್ಸ್ ಟರ್ನ್‌ಟೇಬಲ್‌ಗಳು, ಕಂಪ್ಯೂಟರಿನ ಹಾಡು ನುಡಿಸುವ ಒಂದು ಕಂಟ್ರೋಲರ್. ಸಲಕರಣೆಗೆ ಶೀಲವೆಂಬುದಿಲ್ಲ, ಇದ್ದರೆ ಅದು ಬಳಸುವವರದು ಎಂದು ಸಾಧಿಸಲು ಹೊರಟ ಬರಹ ಇದು.

ನಮ್ಮ ಕಡೆ ಡಿಜೆ ಎಂದರೆ ಗಣೇಶನ ಮೆರವಣಿಗೆಯಲ್ಲಿ ಎದೆ ನಡುಗಿಸುವ ಸ್ಪೀಕರ್ ಲಾರಿಯೇ ಕಣ್ಣಿಗೆ ಬರುತ್ತದೆ. ನಾನು ಹೇಳುತ್ತಿರುವ ಕೆಲಸ ಬೇರೆ. ಒಂದು ಹಾಡು ಮುಗಿಯುವ ಮುನ್ನ ಇನ್ನೊಂದನ್ನು ಬಡಿತಕ್ಕೆ ಬಡಿತ ಕೂಡಿಸಿ ಒಳಗೆ ತರಬೇಕು, ಕುಣಿಯುವವರ ಕಾಲು ತಡವರಿಸಬಾರದು. ನಿಮಿಷಕ್ಕೆ 124 ಬಡಿತದ ಹಾಡು ಓಡುತ್ತಿರುವಾಗ 127ರ ಹಾಡನ್ನು ಸೇರಿಸಬೇಕಾದರೆ ಎರಡನೆಯದನ್ನು ಶೇ. 2.4ರಷ್ಟು ನಿಧಾನಿಸಬೇಕು. ಟರ್ನ್‌ಟೇಬಲ್ ಮೇಲೆ ಇದನ್ನು ಒಂದು ಕಿವಿಯಲ್ಲಿ ಅಳೆದು, ಇನ್ನೊಂದು ಕಿವಿಯಲ್ಲಿ ಒಪ್ಪಿಸಿ, ಬೆರಳ ತುದಿಯಲ್ಲಿ ಸರಿಪಡಿಸುತ್ತಿರುತ್ತೇವೆ. ಕಂಟ್ರೋಲರ್‌ನಲ್ಲಿ ‘ಸಿಂಕ್’ ಎಂಬ ಗುಂಡಿಯಿದೆ. ಒತ್ತಿದರೆ ಕೆಲಸ ಮುಗಿಯಿತು. ಇನ್ನೊಂದು ವ್ಯತ್ಯಾಸ ಸಂಗೀತ ಬಲ್ಲವರಿಗೆ ಕೂಡಲೇ ಹಿಡಿಯುತ್ತದೆ. ತಟ್ಟೆಯಲ್ಲಿ ಲಯ ಏರಿದರೆ ಶ್ರುತಿಯೂ ಏರುತ್ತದೆ. ವೇಗ ಶೇ. 6ರಷ್ಟು ಹೆಚ್ಚಿದರೆ ಷಡ್ಜ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲೆ ಹೋಗಿ ಕೂರುತ್ತದೆ. ಡಿಜಿಟಲ್ ಯಂತ್ರ ಆ ಗಂಟನ್ನು ಬಿಚ್ಚಿದೆ. ಶ್ರುತಿ ಕದಲದಂತೆ ಲಯವನ್ನು ಸಾಕಷ್ಟು ಎಳೆಯಬಹುದು.

ಧ್ವನಿಯ ‘ಬೆಚ್ಚನೆಯ ಗುಣ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಬಹು ಶ್ಲಾಘಿತ ತಟ್ಟೆಗಳ ತಯಾರಿಯಲ್ಲಿ ಡಿಜಿಟಲ್ ಹಂತವೊಂದು ಅಡಗಿತ್ತೆಂದು 2022ರಲ್ಲಿ ಬಯಲಾಯಿತು. ಅಲ್ಲಿಯವರೆಗೆ ಸೂಕ್ಷ್ಮ ಕಿವಿಗಳಾರೂ ಅದನ್ನು ಹಿಡಿದಿರಲಿಲ್ಲ. ಅಖಂಡ ಪರಂಪರೆಯ ಮಾತೂ ಅಷ್ಟೇ. ಜಪಾನಿನ ಸೋನಿ 1989ರಲ್ಲಿ ತಟ್ಟೆ ಒತ್ತುವುದನ್ನು ನಿಲ್ಲಿಸಿ, ಮತ್ತೆ ಶುರುಮಾಡಿದ್ದು 2018ರಲ್ಲಿ.   ಸೂಜಿ ಹಾರುವುದು, ತಟ್ಟೆಗೆ ಗೀರು ಬೀಳುವುದು ಇವನ್ನೇ ಜೀವಂತಿಕೆ ಎನ್ನುವವರಿದ್ದಾರೆ. ಯೊಕೊಹಾಮಾದಲ್ಲಿ ನನ್ನ ಸೂಜಿ ಹಾರಿದರೆ ಬಹುಪಾಲು ಅದು ಭೂಕಂಪ.

ಇನ್ನು ಕಷ್ಟವೇ ನೈತಿಕತೆ ಎಂಬ ವಾದಕ್ಕೆ ಈ ದೇಶದ ಪೊಲೀಸರೇ ಉತ್ತರ ಕೊಟ್ಟಿದ್ದಾರೆ. 1948ರ ಕಾನೂನಿನಂತೆ ಇಲ್ಲಿ ಗಿರಾಕಿಗಳನ್ನು ಕುಣಿಸಲು ಪರವಾನಗಿ ಬೇಕಿತ್ತು. ಪರವಾನಗಿ ಇದ್ದವರೂ ಇಡೀ ರಾತ್ರಿ ಕುಣಿಸುವಂತಿರಲಿಲ್ಲ. 2012ರಲ್ಲಿ ಒಸಾಕಾದ ‘ನೂನ್’ ಕ್ಲಬ್ಬಿನ ಮೇಲೆ ದಾಳಿಯಾಯಿತು. 2014ರಲ್ಲಿ ನ್ಯಾಯಾಲಯ ಮಾಲೀಕನನ್ನು ಖುಲಾಸೆ ಮಾಡಿತು, 2016ರ ಜೂನ್‌ನಲ್ಲಿ ತಿದ್ದಿದ ಕಾನೂನು ಜಾರಿಗೆ ಬಂತು. ಅಷ್ಟು ವರ್ಷವೂ ಕಾನೂನಿನ ಕಣ್ಣಿಗೆ ಬಿದ್ದದ್ದು ಕುಣಿತ. ಅದು ತಟ್ಟೆಯಿಂದ ಹುಟ್ಟಿತೋ ಕಂಪ್ಯೂಟರಿನಿಂದ ಹುಟ್ಟಿತೋ ಎಂಬ ಭೇದವಲ್ಲ. ಕುಣಿಯುವವರಿಗೂ ಆ ಭೇದ ಬೇಕಿಲ್ಲ.

ಆದರೆ ಒಬ್ಬ ಎದುರಾಳಿಯನ್ನು ಹೀಗೆ ಸಾಗಹಾಕಲು ಆಗಲಿಲ್ಲ. ನನಗೆ ಪರಿಚಯದ ಬಾರ್ ಮಾಲೀಕರೊಬ್ಬರು ವಾದ ಮುಗಿಸಲೆಂದು ನನ್ನ ಕೈಗೆ ಕಾದಂಬರಿಕಾರ ಜುನ್‌ಇಚಿರೊ ತಾನಿಜಾಕಿಯವರ ‘ಇನ್‌ಎಯ್ ರಾಯ್‌ಸಾನ್’ ಕೊಟ್ಟರು. 1933ರಲ್ಲಿ ಪ್ರಕಟವಾಗತೊಡಗಿದ, ನೆರಳನ್ನು ಹೊಗಳುವ ಪ್ರಬಂಧ ಅದು. ಮಬ್ಬು ಬೆಳಕು, ಮರದ ಕೌಂಟರ್, ತಟ್ಟೆಯ ಸಣ್ಣ ಸರಬರ ಎಲ್ಲವೂ ಆ ಪುಸ್ತಕದಲ್ಲಿವೆ ಎಂದು ಅವರು ನಂಬಿದ್ದರು. ಓದಿ ನೋಡಿದರೆ ತಾನಿಜಾಕಿ ಬೈದಿರುವುದೇ ಗ್ರಾಮಾಫೋನನ್ನು! ಅವರು ಹೇಳುವುದು ಹೀಗೆ: ಜಪಾನಿನ ಸಂಗೀತ ಸಂಕೋಚದ ಸಂಗೀತ, ಅದರ ಅರ್ಧ ಸೊಗಸು ಮೌನದಲ್ಲಿದೆ, ರೆಕಾರ್ಡೂ ಲೌಡ್‌ಸ್ಪೀಕರೂ ಆ ಮೌನವನ್ನು ಕೊಲ್ಲುತ್ತವೆ, ಯಾಕೆಂದರೆ ಅವನ್ನು ಕಂಡುಹಿಡಿದವರ ಸಂಗೀತ ಬೇರೆ. ಫೌಂಟನ್ ಪೆನ್ನಿನ ಉದಾಹರಣೆ ಇನ್ನೂ ಚುರುಕು. ಅದನ್ನು ಪೂರ್ವದವರು ಕಂಡುಹಿಡಿದಿದ್ದರೆ ತುದಿಯಲ್ಲಿ ಲೋಹದ ಮುಳ್ಳಿನ ಬದಲು ಕುಂಚವಿರುತ್ತಿತ್ತು, ನೀಲಿಯ ಬದಲು ಕಪ್ಪು ಮಸಿ ಇಳಿಯುತ್ತಿತ್ತು. ಆಗ ಕಾಗದ ಬೇರೆಯಾಗುತ್ತಿತ್ತು, ಕೊನೆಗೆ ಬರೆಯುವ ವಿಚಾರವೂ ಬೇರೆಯಾಗುತ್ತಿತ್ತು.

ಇದು ‘ಕಷ್ಟವೇ ಶ್ರೇಷ್ಠ’ ಎನ್ನುವ ವಾದವಲ್ಲ. ಸಲಕರಣೆ ತನ್ನನ್ನು ಮಾಡಿದವರ ಸ್ವಭಾವವನ್ನು ಹೊತ್ತು ತರುತ್ತದೆ, ಬಳಸುವವರನ್ನು ಸದ್ದಿಲ್ಲದೆ ಆ ಸ್ವಭಾವಕ್ಕೆ ಬಾಗಿಸುತ್ತದೆ ಎನ್ನುವ ವಾದ. ಸಲಕರಣೆಗೆ ಶೀಲವಿಲ್ಲ ಎನ್ನುವ ನನಗೆ ಎದುರು ನಿಲ್ಲಬಲ್ಲವರು ಇವರೇ.

ನನ್ನ ಉತ್ತರ ತಾನಿಜಾಕಿಯವರ ಊರಿನಿಂದಲೇ ಬಂತು. 1923ರ ಮಹಾ ಭೂಕಂಪದ ನಂತರ ಅವರು ಟೋಕಿಯೊ ಕಡೆಯನ್ನು ಬಿಟ್ಟು ಕನ್ಸಾಯ್ ಪ್ರಾಂತ್ಯಕ್ಕೆ ಹೋಗಿ ನೆಲೆಸಿದ್ದರು. ಅದೇ ಪ್ರಾಂತ್ಯದಲ್ಲಿ, ಒಸಾಕಾ ಪಕ್ಕದ ಕಾದೊಮಾದಲ್ಲಿ ಮತ್ಸುಶಿತಾ ಕಂಪನಿಯಿತ್ತು. ತಾನಿಜಾಕಿ ತೀರಿಕೊಂಡ 1965ರಲ್ಲೇ ಆ ಕಂಪನಿ ‘ಟೆಕ್ನಿಕ್ಸ್’ ಎಂಬ ಹೆಸರನ್ನು ಮೊದಲ ಬಾರಿ ಬಳಸಿತು. ಅಲ್ಲಿನ ಇಂಜಿನಿಯರ್ ಶುಯಿಚಿ ಒಬಾತಾ, ಬೆಲ್ಟಿನಿಂದ ತಿರುಗುವ ಟರ್ನ್‌ಟೇಬಲ್‌ನ ನಿಧಾನದ ಆರಂಭವನ್ನೂ ಸವೆತವನ್ನೂ ತಪ್ಪಿಸಲು ಮೋಟರನ್ನು ನೇರವಾಗಿ ತಟ್ಟೆಯ ಅಚ್ಚಿಗೇ ಕೂರಿಸಿದರು. 1970ರಲ್ಲಿ ಎಸ್‌ಪಿ-10 ಬಂತು, 1972ರಲ್ಲಿ ಎಸ್‌ಎಲ್-1200. ಈ ಎರಡನೆಯದು ನಡುಮನೆಯ ಯಂತ್ರ. ನಿಮಿಷಕ್ಕೆ 33⅓ ಸುತ್ತು ಕದಲದಂತೆ ತಿರುಗಬೇಕು. ಸೂಜಿ ಇಟ್ಟವರು ಕೈ ತೆಗೆದು ದೂರ ಕೂರಬೇಕು. ಮಾಡಿದವರ ಸ್ವಭಾವ ಎಂಬುದೇನಾದರೂ ಆ ಯಂತ್ರದಲ್ಲಿದ್ದರೆ ಅದು ‘ಮುಟ್ಟಬೇಡಿ’ ಎಂಬುದೇ.

ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಹುಡುಗರು ಮುಟ್ಟಿದರು. ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್‌ನಂಥವರು 1970ರ ದಶಕದ ನಡುವಿನಲ್ಲಿ ತಿರುಗುವ ತಟ್ಟೆಯನ್ನು ಬೆರಳಿನಿಂದ ಹಿಂದೆಮುಂದೆ ಎಳೆದು, ಉಜ್ಜುವ ಸದ್ದನ್ನೇ ವಾದ್ಯ ಮಾಡಿದರು. ಆ ಕೈಚಳಕಕ್ಕೆ ಒಸಾಕಾದ ಯಂತ್ರ ಹೇಳಿಮಾಡಿಸಿದಂತೆ ಒದಗಿತು. ಬೇಗ ವೇಗ ಹಿಡಿಯಲಿ ಎಂದು ಕೊಟ್ಟ ಮೋಟರಿನ ಬಲ, ಮೇಲಿನ ತಟ್ಟೆಯನ್ನು ಬೆರಳು ಹಿಡಿದರೂ ಕೆಳಗಿನದು ತಿರುಗುತ್ತಲೇ ಇರುವಂತೆ ಮಾಡಿತು. ಮಾಡಿದವರ ಸ್ವಭಾವ ಎಲ್ಲಿ ಹೋಯಿತು? ಬಳಸುವವರು ಅದನ್ನು ದೋಚಿ ತಮ್ಮದನ್ನು ತುಂಬಿದರು. ಇನ್ನೂ ತಮಾಷೆಯೆಂದರೆ ಎಸ್‌ಎಲ್-1200ರ 1979ರ ಮಾರ್ಕ್-2 ಮಾದರಿಯ ವೇಗವನ್ನು ಕಾಯುವುದು ಕ್ವಾರ್ಟ್ಸ್ ಹರಳು. ಸಿಂಕ್ ಗುಂಡಿಯನ್ನು ಹಳಿಯುವವರು ಪೂಜಿಸುವ ಯಂತ್ರವೇ ಅಲುಗಾಟವನ್ನು ಅಳಿಸಿಹಾಕಲು ಹುಟ್ಟಿದ್ದು.

ಇಲ್ಲಿಗೆ ತಾನಿಜಾಕಿ ಸೋತರು ಎಂದುಕೊಂಡಿದ್ದೆ. ಆದರೆ ಮಾರ್ಕ್-2ರ ಕತೆಗೆ ಇನ್ನೊಂದು ಮುಖವಿದೆ. ಕ್ಲಬ್ಬುಗಳಲ್ಲಿ ತನ್ನ ಯಂತ್ರಕ್ಕೆ ಏನಾಗುತ್ತಿದೆ ಎಂದು ಕಂಪನಿ ಗಮನಿಸಿತ್ತು. ವೇಗ ತಿದ್ದುವ ಸಣ್ಣ ಗುಂಡಿಯ ಜಾಗದಲ್ಲಿ ಶೇ. 8 ಮೇಲೆ, ಶೇ. 8 ಕೆಳಗೆ ಸರಿಯುವ ಉದ್ದನೆಯ ಸ್ಲೈಡರ್ ಬಂತು. ಕದ್ದ ಮಾಲಿಗೆ ಒಡೆಯನೇ ರಸೀದಿ ಬರೆದುಕೊಟ್ಟ ಹಾಗಾಯಿತು. ನಾನು ಇವತ್ತು ‘ಬಂಡಾಯದ ಯಂತ್ರ’ ಎಂದು ಮುಟ್ಟುವುದು ಈ ತಿದ್ದಿದ ಯಂತ್ರವನ್ನೇ.

ಹಾಗೆಯೇ, ಸಲಕರಣೆ ಬಳಸುವವರನ್ನು ಬಾಗಿಸುವುದಿಲ್ಲ ಎಂಬ ಮಾತನ್ನು ನಾನು ಚಿಕ್ಕಂದಿನಲ್ಲೇ ಸುಳ್ಳಾಗಿ ಕಂಡವನು. ಮೈಸೂರಿನಲ್ಲಿ ನನಗೆ ಸಂಗೀತ ಕಲಿಸಿದವರ ಮನೆಯಲ್ಲಿ ತಂಬೂರಿಯೂ ಇತ್ತು, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಇತ್ತು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕೊಳಲುವಾದಕ, ಇಂಜಿನಿಯರ್ ಜಿ. ರಾಜ್‌ನಾರಾಯಣ್ ಅಂಥ ಪೆಟ್ಟಿಗೆಗಳಿಗೆ ದಾರಿ ಮಾಡಿದಾಗಲೂ ಇದೇ ಜಗಳ ನಡೆದಿತ್ತು: ತಂತಿ ಸಾಚಾ, ಪೆಟ್ಟಿಗೆ ಖೋಟಾ. ನಾನು ಪೆಟ್ಟಿಗೆಯ ಪಕ್ಷ. ಮಳೆಗಾಲದಲ್ಲಿ ತಂಬೂರಿ ಹದ ಮಾಡುವಷ್ಟರಲ್ಲಿ ಪಾಠದ ಹೊತ್ತು ಅರ್ಧ ಹೋಗುತ್ತಿತ್ತು. ಆದರೆ ಹಾಗೆ ಹದ ಮಾಡುತ್ತ ಕೂತಿದ್ದಾಗಲೇ, ಮಂದ್ರ ಷಡ್ಜದ ತಂತಿಯೊಳಗಿಂದ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಏಳುವುದನ್ನು ನಾನು ಕೇಳಲು ಕಲಿತದ್ದು. ಪೆಟ್ಟಿಗೆಯ ಮುಂದೆಯೇ ಬೆಳೆದ ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಹಾಡುತ್ತಿದ್ದರು. ಆ ಗಾಂಧಾರದ ಬಗ್ಗೆ ಹೇಳಿದರೆ ಮಾತ್ರ ನನ್ನ ಮುಖ ನೋಡುತ್ತಿದ್ದರು. ಸಲಕರಣೆ ಹಾಡನ್ನು ಕೆಡಿಸಲಿಲ್ಲ. ಕಿವಿ ಎಲ್ಲಿ ಕಾಯಬೇಕು ಎಂಬುದನ್ನು ಬದಲಿಸಿತು. ತಾನಿಜಾಕಿ ಹೇಳಿದ್ದು ಬಹುಶಃ ಇಷ್ಟನ್ನೇ, ಇಷ್ಟನ್ನು ನಾನು ಒಪ್ಪಬೇಕು.

ಹಾಗಾದರೆ ನನ್ನ ವಾದವನ್ನು ಬೇರೆ ಕಡೆಯಿಂದ ಕಟ್ಟಬೇಕಾಯಿತು. ಸಲಕರಣೆ ಹಳೆಯದೋ ಹೊಸದೋ, ಕಷ್ಟವೋ ಸುಲಭವೋ ಎಂಬುದು ಬೇಡ. ಅದರ ಮಾತು ಮೀರಲು ನನಗೆ ಜಾಗವಿದೆಯೇ ಎಂಬುದು ಪ್ರಶ್ನೆಯಾಗಲಿ. ಟರ್ನ್‌ಟೇಬಲ್ ನನಗಾಗಿ ಹುಟ್ಟಿದ್ದಲ್ಲ. ಆ ಹೊಂದಿಕೆಯಿಲ್ಲದ ಜಾಗದಲ್ಲೇ ಒಂದು ಕಲೆ ಹುಟ್ಟಿತು. ಕಂಟ್ರೋಲರ್ ಹಾಗಲ್ಲ, ನನ್ನಂಥವರಿಗಾಗಿಯೇ ಹುಟ್ಟಿದ್ದು. ಪಯೊನೀರ್ 2001ರಲ್ಲಿ ಸಿಡಿಜೆ-1000 ತಂದಾಗ ಸಿಡಿ ಯಂತ್ರದ ಮೇಲೆ ತಟ್ಟೆಯಂಥ ಚಕ್ರ ಕೂರಿಸಿ, ಬ್ರಾಂಕ್ಸಿನ ಆ ಕಳ್ಳ ಬೆರಳಿಗೂ ಅಧಿಕೃತ ಜಾಗ ಕೊಟ್ಟಿತು. ಆ ವಂಶದ ಇಂದಿನ ಕಂಪನಿ ಆಲ್ಫಾಥೀಟಾ ಇರುವುದು ನನ್ನ ಯೊಕೊಹಾಮಾದಲ್ಲೇ. ಅವರ ಕಂಟ್ರೋಲರ್ ಮುಂದೆ ನಿಂತರೆ ನಾನು ಮಾಡಬಹುದಾದ ಪ್ರತಿ ಕಿತಾಪತಿಗೂ ಒಂದು ಗುಂಡಿ, ಗುಂಡಿಗೊಂದು ಹೆಸರು, ಹೆಸರಿಗೊಂದು ಬಣ್ಣದ ದೀಪ. ಕದಿಯಲು ಏನೂ ಉಳಿದಿಲ್ಲ. ಎಲ್ಲವನ್ನೂ ಅವರೇ ಬಡಿಸಿಟ್ಟಿದ್ದಾರೆ.

ಈ ಹಂತದಲ್ಲಿ ತಾನಿಜಾಕಿ ಬೇರೊಂದು ವೇಷದಲ್ಲಿ ಎದುರಾದರು. ಅವರು ಕೇಳಿದ್ದು ನಮ್ಮ ಸ್ವಭಾವವನ್ನು ಮೊದಲೇ ಬಲ್ಲ ಸಲಕರಣೆಯನ್ನು, ಕುಂಚದ ತುದಿಯ ಪೆನ್ನನ್ನು. ಡಿಜೆಗಳ ಮಟ್ಟಿಗೆ ಆ ಪೆನ್ನು ಬಂದೇಬಿಟ್ಟಿದೆ, ಜಪಾನಿನ ಕಂಪನಿಯಿಂದಲೇ ಬಂದಿದೆ. ನನ್ನನ್ನು ಕಾಡುವುದು ಅದು ನನಗೆ ಹೊಂದದಿರುವುದಲ್ಲ, ಇಷ್ಟು ಸರಿಯಾಗಿ ಹೊಂದುವುದು. ಅವರ ಕನಸು ನನಸಾದದ್ದೇ ನನ್ನ ತೊಡಕಾಯಿತು.

ಅಷ್ಟು ಬೇಗ ತೀರ್ಪು ಕೊಡಬಾರದು ಎಂದು ತೋರಿಸಿಕೊಟ್ಟದ್ದು ಟೋಕಿಯೊದಲ್ಲಿ ಕನ್ನಡದವರು ಸೇರಿದ್ದ ಒಂದು ರಾಜ್ಯೋತ್ಸವದ ಸಂಜೆ. ಹಳೆಯ ಕನ್ನಡ ಹಾಡುಗಳನ್ನೇ ಕೂಡಿಸಿ ಕುಣಿಸಬೇಕಿತ್ತು. ತಟ್ಟೆಗಳು ಇಲ್ಲಿ ಸಿಗುವುದಿಲ್ಲ, ಕಂಟ್ರೋಲರೇ ಗತಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ಜಿ. ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡನ್ನು ಹಾಕಿ ಸಿಂಕ್ ಒತ್ತಿದೆ. ಬಡಿತಗಳು ಒಂದರ ಮೇಲೊಂದು ಬಿದ್ದು ಮುಗ್ಗರಿಸಿದವು. ಯಂತ್ರ ತಿಳಿದಿರುವುದು ರೋಲಂಡ್ ಟಿಆರ್-909ರಂಥ ಡ್ರಮ್ ಯಂತ್ರಗಳು ಹಾಕಿಕೊಟ್ಟ ಅಳತೆಯನ್ನು, ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವ ಲಯವನ್ನು. ಸ್ಟುಡಿಯೊದಲ್ಲಿ ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ ಹಾಡು ಪಲ್ಲವಿಯಲ್ಲಿ ತುಸು ಓಡುತ್ತದೆ, ಚರಣದಲ್ಲಿ ತುಸು ಕೂರುತ್ತದೆ. ಸಿಂಕ್ ಆಫ್ ಮಾಡಿ, ಚಕ್ರವನ್ನು ಬೆರಳಿನಿಂದ ತಳ್ಳುತ್ತ, ತಡೆಯುತ್ತ ಹಾಡು ದಾಟಿಸಿದೆ. ನನ್ನ ಕೈ ಆ ಸಂಜೆಯಷ್ಟು ಎಚ್ಚರವಾಗಿದ್ದದ್ದು ಕಡಿಮೆ. ಅದೂ ಕಂಟ್ರೋಲರ್ ಮೇಲೆ. ಎಲ್ಲ ಬಲ್ಲ ಯಂತ್ರಕ್ಕೆ ನಮ್ಮ ಹಾಡು ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ಮೀರಲು ಜಾಗವಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯ ಮುಗಿತಾಯವಾಗುತ್ತಿತ್ತು: ಮೀರುವ ಜಾಗ ಸಲಕರಣೆಯಲ್ಲಿಲ್ಲ, ಅದಕ್ಕೂ ನಮ್ಮ ಹಾಡಿಗೂ ನಡುವಿನ ಬಿರುಕಿನಲ್ಲಿದೆ ಎಂದು. ಆದರೆ ಸಾಫ್ಟ್‌ವೇರ್ ಬರೆಯುವವನಿಗೆ ಬಿರುಕು ಕಂಡರೆ ಮುಚ್ಚುವುದೇ ಕಸುಬು. ಅಲುಗಾಡುವ ಲಯವನ್ನು ಹಾಡಿನುದ್ದಕ್ಕೂ ಹಿಂಬಾಲಿಸಿ ಗುರುತಿಸುವ ವಿಧಾನಗಳು ಬಂದಿವೆ. ಮುದ್ರಿತ ಹಾಡಿನಿಂದ ದನಿಯನ್ನೂ ತಾಳವನ್ನೂ ಬೇರೆ ಮಾಡುವ ಸೌಲಭ್ಯ ಬಂದಿದೆ. ರಾಜ್‌ಕುಮಾರ್ ಹಾಡು ಮುಗ್ಗರಿಸುವುದು ಬಹಳ ದಿನ ಇರುವುದಿಲ್ಲ, ಅದನ್ನು ಸರಿಪಡಿಸುವ ಅಪ್‌ಡೇಟ್ ಬಂದರೆ ಮೊದಲು ಹಾಕಿಕೊಳ್ಳುವವನೂ ನಾನೇ. ಬಿರುಕು ಮುಚ್ಚದಿರಲಿ ಎಂದು ಬೇಕೆಂದೇ ಹಳೆಯದಕ್ಕೆ ಅಂಟಿಕೊಂಡರೋ, ಅದು ಆಯ್ದುಕೊಂಡ ಅನನುಕೂಲ, ಅಂದರೆ ಶೋಕಿ. ತಾನಿಜಾಕಿಯವರೂ ಇದನ್ನು ಅರಿತಿದ್ದರು. ಮನೆ ಕಟ್ಟಿಸಲು ಹೊರಟಾಗ, ನಿಮ್ಮ ಪ್ರಬಂಧ ಓದಿದ್ದೇನೆ, ನಿಮಗೆ ಬೇಕಾದದ್ದು ಗೊತ್ತು ಎಂದ ವಾಸ್ತುಶಿಲ್ಪಿಗೆ, ಅಂಥ ಮನೆಯಲ್ಲಿ ತಾನು ವಾಸಿಸಲಾರೆ ಎಂದರಂತೆ. ಹೇಳಿದವರು ಅವರ ಪತ್ನಿ.

ಮೊನ್ನೆ ಇಲ್ಲೇ ಇರುವ ದಾವಣಗೆರೆಯ ಹುಡುಗಿಯೊಬ್ಬಳು ಟರ್ನ್‌ಟೇಬಲ್, ಕಂಟ್ರೋಲರ್ ಇವೆರಡರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದಳು. ಕಂಟ್ರೋಲರ್ ಎಂದೆ. ಟೆಕ್ನಿಕ್ಸ್ ಒಂದಕ್ಕೇ 1 ಲಕ್ಷ ಯೆನ್ ಆಸುಪಾಸು, ಬೇಕಾಗುವುದು ಎರಡು, ಮೇಲೆ ಮಿಕ್ಸರ್ ಬೇರೆ. ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಅವನ್ನಿಟ್ಟರೆ ಹಾಸಿಗೆಗೆ ಜಾಗವಿರುವುದಿಲ್ಲ. ಸಲಕರಣೆಗೆ ಶೀಲವಿಲ್ಲ ಎಂಬ ಕಾರಣವನ್ನು ಮಾತ್ರ ಕೊಡಲಿಲ್ಲ, ಕೊಡಲು ಧೈರ್ಯ ಬರಲಿಲ್ಲ. ಸಿಂಕ್ ಬಳಸಬಹುದಾ ಎಂದಳು. ಬಳಸು, ಯಾರಪ್ಪನ ಗಂಟೂ ಹೋಗುವುದಿಲ್ಲ ಎಂದೆ. ಮತ್ತೆ ನೀವ್ಯಾಕೆ ಅದನ್ನು ಆಫ್ ಮಾಡಿಡುತ್ತೀರಿ ಎಂದು ಕೇಳಿದಳು. ಕಿವಿ ಮೊಂಡಾಗದಿರಲಿ ಎಂದು ಹೇಳಿದೆ. ಅದು ನಿಜ ಇರಬಹುದು. ಆಫ್ ಮಾಡಿರುವುದನ್ನು ನಾಲ್ಕು ಜನ ನೋಡಲಿ ಎಂಬುದೂ ನಿಜ ಇರಬಹುದು. ಇವೆರಡರಲ್ಲಿ ಯಾವುದು ಎಂದು ತೂಗಿ ಹೇಳಬಲ್ಲ ವಾದ ನನ್ನ ಬಳಿ ಇಲ್ಲ. ಅದು ತೀರ್ಮಾನವಾಗುವವರೆಗೆ ಇನ್ನೊಬ್ಬರ ಸಲಕರಣೆಗೆ ಮೋಸವೆಂದು ಹೆಸರಿಡುವವರನ್ನು ಖಂಡಿಸಬಲ್ಲೆ, ನನ್ನದಕ್ಕೆ ಪ್ರಾಮಾಣಿಕವೆಂದು ಹೆಸರಿಡಲಾರೆ.